ನಾಲ್ಕು ಗಂಟೆಯ ಅಳಿವೆ

ಬಚ್ಚ ಪಂಚಾಯತ್ ಕಚೇರಿಯ ಮೆಟ್ಟಿಲು ಹತ್ತಿದಾಗ ಹನ್ನೆರಡು ಇಪ್ಪತ್ತು. ಗಣಪತಿ ವಿಸರ್ಜನೆಯ ಮೆರವಣಿಗೆ ಜೆಟ್ಟಿ ತಲುಪಬೇಕಾಗಿದ್ದು ನಾಲ್ಕಕ್ಕೆ.

"ಮೇಡಂ, ಆ ಟೈಮಿನ ಪಟ್ಟಿ ಬರ್ದದ್ ಯಾರ್?"

ಪಂಚಾಯತ್ ಅಭಿವೃದ್ಧಿ ಅಧಿಕಾರಿ ಹರಿಣಾಕ್ಷಿ ಕಡತದಿಂದ ತಲೆ ಎತ್ತಿದಳು. "ಶಾಂತಿ ಸಮಿತಿ ಪಟ್ಟಿಯಾ? ನಾನೇ. ಎಂತ ಆಯ್ತ್?"

"ನಾಕ್ ಗಂಟಿಗೆ ಇಳ್ತ. ಅಳ್ವಿ ದಾಟುಕ್ ಆತಿಲ್ಲೆ."

ಮೂವತ್ತು ವರ್ಷದಿಂದ ತಾಂಡೇಲನಾಗಿ ಬೋಟು ನಡೆಸಿದವನು ಬಚ್ಚ. ಪಡುಹೊಳೆಯ ಗಣಪತಿಯನ್ನು ಕಡಲಿಗೆ ಒಯ್ಯುವವನೂ ಅವನೇ. ಎರಡು ದೋಣಿಗಳನ್ನು ಜೋಡಿಸಿ ಕಟ್ಟಿ, ನಡುವೆ ಹಲಗೆ ಹಾಸಿ ಮೂರ್ತಿ ಇಡುತ್ತಾರೆ. ಹೊಳೆ ಕಡಲು ಸೇರುವ ಅಳಿವೆ ದಾಟಿದ ಮೇಲೆ ಹಗ್ಗ ಬಿಚ್ಚುತ್ತಾರೆ; ದೋಣಿಗಳು ಬೇರೆಯಾಗಿ ಮೂರ್ತಿ ನಡುವಿನಲ್ಲಿ ಮುಳುಗುತ್ತದೆ. ದೋಣಿಗಳಲ್ಲಿ ಎಂಟು ಜನ.

"ಹೊಳಿ ನೀರ್ ಹೊರಗ್ ಎಳಿತ್ತ್, ಕಡ್ಲ್ ಒಳಗ್ ನೂಕ್ತ್. ಮಧ್ಯ ಹೊಯ್ಗಿ ದಿಬ್ಬ. ಒಂಟಿ ದೋಣಿ ಆರೆ ಹ್ಯಾಂಗಾರೂ ತಿರ್ಗ್ಸ್ಲಕ್. ಕಟ್ಟಿದ್ ಜೋಡಿ ತಿರ್ಗುದಿಲ್ಲ. ಅಡ್ಡ ಬಿದ್ರೆ ಎಂಟೂ ಜನ ಅಡಿಗೆ. ಏಳ್ ಗಂಟಿ ಮೇಲೆ ನೀರ್ ಏರ್ತ್, ಆಗ ದಾಟ್ಲಕ್."

"ಸಭೆಯಲ್ಲ್ ಎಂತಕೆ ಹೇಳ್ಲಿಲ್ಲ?"

"ನನ್ನ್ ಯಾರ್ ಕರ್ದಿರ್? ಅಧ್ಯಕ್ಷರ್ಗಳ್ ಕೂತಿದ್ರಲೆ, ಬಿಸ್ಕೂಟ್ ತಿಂದ್ಕಂಡ್." ಬಚ್ಚ ಅವಳ ಮುಖ ನೋಡಿ ಸ್ವಲ್ಪ ಮೆತ್ತಗಾದ. "ನೀವ್ ಹಾಲಾಡಿಯವ್ರ್. ನಿಮ್ಗೆ ಕಡ್ಲ್ ಅಂದ್ರೆ ಭಾನುವಾರ ಕಾಂಬುಕ್ ಹೋಪ್ದ್."

ಕಳೆದ ವರ್ಷ ವಿಸರ್ಜನೆಯೂ ಮೀಲಾದ್ ಮೆರವಣಿಗೆಯೂ ಒಂದೇ ದಿನ ಬಂದಿದ್ದವು. ಮಸೀದಿ ತಿರುವಿನಲ್ಲಿ ಎರಡೂ ಎದುರಾಗಿ ಕಲ್ಲು ಬಿತ್ತು. ಹನ್ನೊಂದು ಜನರಿಗೆ ಗಾಯ, ಎರಡು ಮೊಕದ್ದಮೆ. ಈ ವರ್ಷವೂ ಒಂದೇ ದಿನ. ಹಾಗಾಗಿ ಎರಡೂ ಕಡೆಯಿಂದ ಐದೈದು ಜನ, ಪೊಲೀಸರು, ಕಾರ್ಯದರ್ಶಿಯಾಗಿ ಹರಿಣಾಕ್ಷಿ ಕೂತು ವೇಳೆ ಹಂಚಿದ್ದರು. ನಾಲ್ಕರಿಂದ ಆರು ಗಣಪತಿ, ಏಳರಿಂದ ಮೀಲಾದ್. ಇಪ್ಪತ್ತೇ ನಿಮಿಷದಲ್ಲಿ ಮುಗಿದ ಆ ಸಭೆಯ ಬಗ್ಗೆ ಅವಳಿಗೆ ಹೆಮ್ಮೆಯೂ ಇತ್ತು.

ಅವಳು ಠಾಣಾಧಿಕಾರಿಗೆ ಫೋನ್ ಮಾಡಿದಳು. ಅವರು ಪೂರ್ತಿ ಕೇಳಿಸಿಕೊಂಡರು.

"ದೋಣಿ ತಡವಾಗಿ ಬಿಟ್ಟರೆ ಎರಡೂ ಗುಂಪು ಜೆಟ್ಟಿ ರಸ್ತೆಯಲ್ಲೇ ಎದುರಾಗುತ್ತವೆ. ಇರುವುದು ಒಂದೇ ರಸ್ತೆ. ಸರದಿ ಅದಲುಬದಲು ಆಗಬೇಕಾದರೆ ಇಬ್ಬರೂ ಅಧ್ಯಕ್ಷರ ಸಹಿ ಬೇಕು, ಮಧ್ಯಾಹ್ನ ಮೂರರೊಳಗೆ. ಇಲ್ಲದಿದ್ದರೆ ಪಟ್ಟಿಯಂತೆಯೇ ನಡೆಸುತ್ತೇನೆ."

ಗಣೇಶೋತ್ಸವ ಸಮಿತಿಯ ಅಧ್ಯಕ್ಷ ಜಿತೇಂದ್ರ ಮೀನು ವ್ಯಾಪಾರಿ; ಎರಡು ಬೋಟು ಇದ್ದವನು. ಪೆಂಡಾಲಿನಲ್ಲಿ ನಿಂತು ಮೂರ್ತಿಗೆ ಹಗ್ಗ ಬಿಗಿಸುತ್ತಿದ್ದ.

"ಸರದಿ ಬದಲ್ಸಿ ಅಂತ ನಾವ್ ಕೇಣ್ಕಾ ಮೇಡಂ? ಮೊದಲ್ನೇ ಸರದಿ ಸಿಕ್ಕದ್ ಬಿಟ್ ಕೊಟ್ಟ, ಹೆದ್ರಿದ ಅಂತ್ರ್. ಅವ್ರೇ ಕೇಣ್ಲಿ. ಕೇಂಡ್ರೆ ನಾ ಈಗ್ಳೇ ಸಹಿ ಹಾಕ್ತೆ."

"ಇವತ್ತ್ ನಾಕಕ್ಕೆ ಇಳ್ತ ಅಂತ ನಿಮ್ಗೆ ಗೊತ್ತಿತ್ತಾ?"

ಜಿತೇಂದ್ರ ಹಗ್ಗದ ಗಂಟನ್ನು ಬಿಚ್ಚಿ ಮತ್ತೆ ಕಟ್ಟಿದ.

"ದೋಣಿ ಮುಂದ್ ಯಾರ್ ನಿಂತ್ಕಂಬುದ್?" ಎಂದಳು ಹರಿಣಾಕ್ಷಿ.

"ಕೌಶಲ್. ನನ್ ತಮ್ಮನ್ ಮಗ." ಅವನು ತಿರುಗಿ ನೋಡಲಿಲ್ಲ. "ಬಚ್ಚಣ್ಣ ಇದ್ದ. ಹ್ಯಾಂಗಾರೂ ದಾಟ್ಸ್ತ."

ಪಕ್ಕದಲ್ಲೇ ಇದ್ದ ಬಚ್ಚ, "ನಾ ಹತ್ತುದಿಲ್ಲ" ಎಂದ.

"ಹತ್ಬೇಡಿ. ಮಕ್ಕಳೇ ತಕಂಡ್ ಹೋತೊ."

ಒಂದು ಗಂಟೆ ಹತ್ತು ನಿಮಿಷ.

ಮೀಲಾದ್ ಸಮಿತಿಯ ಅಧ್ಯಕ್ಷ ಇಲ್ಯಾಸ್ ಸಾಹೇಬರು ಬಂದರಿನ ಪಕ್ಕದ ತಮ್ಮ ಐಸ್ ಪ್ಲಾಂಟಿನಲ್ಲಿ ಸಿಕ್ಕಿದರು. ಕುರ್ಚಿ ಎಳೆದು ಕೊಟ್ಟರು, ಅವಳು ಕೂರಲಿಲ್ಲ.

"ಅಸರ್ ನಮಾಜ್ ಮುಗ್ಸಿ ಐದಕ್ಕೆ ಹೊರ್ಡುಕ್ ನಮ್ಗೇನ್ ಅಡ್ಡಿ ಇಲ್ಲ. ಆರೆ ನಾ ಕೇಂಬುದಿಲ್ಲ. ನಾ ಕೇಂಡ್ರೆ, ಗಣಪತಿ ಟೈಮ್ ಸಾಬ್ರ್ ಕಿತ್ಕಂಡ್ರ್ ಅಂತ ಅರ್ಧ ಗಂಟಿ ಒಳಗ್ ಮೊಬೈಲಲ್ ಬತ್ತ್. ಕಲ್ಲ್ ಬಿದ್ರೆ ಮೊದಲ್ ಈ ಐಸ್ ಪ್ಲಾಂಟಿಗೇ. ಜಿತೇಂದ್ರ ಕೇಣ್ಲಿ."

ಅವರ ಹಿಂದಿನ ಗೋಡೆಯಲ್ಲಿ ಭರತ-ಇಳಿತದ ಪಟ್ಟಿ ನೇತಾಡುತ್ತಿತ್ತು. ಇವತ್ತಿನ ತಾರೀಖಿನ ಎದುರು ಇಳಿತ 4.10 ಎಂದಿತ್ತು. ಅದರ ಸುತ್ತ ಕೆಂಪು ಪೆನ್ನಿನ ಗೆರೆ.

"ಈ ಗೆರೆ ಯಾವಾಗ ಹಾಕದ್, ಸಾಹೇಬ್ರೆ?"

ಅವರು ಪಟ್ಟಿಯ ಕಡೆ ನೋಡಿ ಕಣ್ಣು ಕೆಳಗೆ ಹಾಕಿದರು. "ಸಭೆ ಮುಗ್ದ್ ದಿನ."

ಕಚೇರಿಗೆ ಮರಳಿದಾಗ ಎರಡೂ ಕಾಲು. ಕೇಳುವವರಿದ್ದರೆ ಒಪ್ಪುವವರು ಇಬ್ಬರೂ ಇದ್ದಾರೆ; ಕೇಳುವವರಿಲ್ಲ. ಹರಿಣಾಕ್ಷಿ ಬಿಳಿ ಹಾಳೆಯ ಮುಂದೆ ಕೂತಳು. ಒಂಬತ್ತು ವರ್ಷದ ನೌಕರಿಯಲ್ಲಿ ನಡೆಯದ್ದನ್ನು ಅವಳು ನಡಾವಳಿಯಲ್ಲಿ ಬರೆದವಳಲ್ಲ. ವೇಳೆ ಗೊತ್ತು ಮಾಡಿದ್ದು ಸಭೆ, ಅವಳು ಬರೆದುಕೊಂಡಿದ್ದಳು ಅಷ್ಟೆ.

ಅವಳು ಬರೆದಳು: "ಭರತ-ಇಳಿತ ಪರಿಶೀಲಿಸದೆ ವೇಳೆ ನಿಗದಿ ಮಾಡಿದ್ದು ಕಾರ್ಯದರ್ಶಿಯಾದ ನನ್ನ ಲೋಪ. ಅದನ್ನು ಸರಿಪಡಿಸಲು ನಾನು ಕೋರಿದ್ದರಿಂದ ಎರಡೂ ಸಮಿತಿಗಳು ಸರದಿ ಬದಲಿಸಲು ಒಪ್ಪಿವೆ. ಮೀಲಾದ್ ಮೆರವಣಿಗೆ 5 ರಿಂದ 6.30. ವಿಸರ್ಜನೆ ಮೆರವಣಿಗೆ 7 ರಿಂದ."

ಜಿತೇಂದ್ರ ಎರಡು ಸಲ ಓದಿದ. "ಕೇಂಡದ್ದ್ ನೀವ್ ಅಂತ ಇತ್ತಲೆ?"

"ಹೌದ್."

ಸಹಿ ಹಾಕಿದ. ಇಲ್ಯಾಸ್ ಸಾಹೇಬರು ಒಂದೇ ಸಲ ಓದಿ, ಏನೂ ಕೇಳದೆ ಸಹಿ ಹಾಕಿದರು. ಎರಡು ಐವತ್ತೆರಡಕ್ಕೆ ಕಾಗದ ಠಾಣೆಯ ಮೇಜಿನ ಮೇಲಿತ್ತು.

"ಇದರ ಪ್ರತಿ ನಿಮ್ಮ ಮೇಲಧಿಕಾರಿಗಳಿಗೂ ಹೋಗುತ್ತದೆ" ಎಂದರು ಠಾಣಾಧಿಕಾರಿ. "ಮೆಮೊ ಬರಬಹುದು."

"ಗೊತ್ತು ಸರ್."

ಅವರು ಫೋಟೊ ತೆಗೆದು ಕಳಿಸಿ, ಮೂಲಪ್ರತಿಯನ್ನು ಸಮಿತಿಯ ಕಡತಕ್ಕೆಂದು ಅವಳಿಗೇ ಕೊಟ್ಟರು.

ನಾಲ್ಕು ಹತ್ತಕ್ಕೆ ಹರಿಣಾಕ್ಷಿ ಜೆಟ್ಟಿಯ ತುದಿಯಲ್ಲಿದ್ದಳು. ಅಳಿವೆಯ ಅಡ್ಡಕ್ಕೆ ಬಿಳಿ ನೊರೆಯ ಗೋಡೆ ಏಳುತ್ತಿತ್ತು, ಬೀಳುತ್ತಿತ್ತು. ಕೆಂಪು ಹೊಳೆನೀರು ಅದರ ಬುಡಕ್ಕೆ ಹೋಗಿ ನುಗ್ಗುತ್ತಿತ್ತು. ಯಾರೋ ಬಿಟ್ಟ ತೆಂಗಿನ ಸೋಗೆಯೊಂದು ತೇಲುತ್ತ ಅಲ್ಲಿಗೆ ತಲುಪಿತು. ನೆಟ್ಟಗೆ ನಿಂತು, ಮಗುಚಿತು. ಮತ್ತೆ ಕಾಣಲಿಲ್ಲ.

"ಹ್ವಾಯ್ ಮೇಡಂ, ಕಂಡ್ರಲೆ?" ಎಂದ ಬಚ್ಚ.

ಸ್ವಲ್ಪ ದೂರದಲ್ಲಿ ಜಿತೇಂದ್ರ. ಅವನ ಪಕ್ಕ ಕೌಶಲ್, ಹೊಸ ಕೇಸರಿ ಶಾಲು ಹೊದ್ದು, ನೀರನ್ನೇ ನೋಡುತ್ತಿದ್ದ. ಇನ್ನೊಂದು ಬದಿಯಲ್ಲಿ ಐಸ್ ಪ್ಲಾಂಟಿನ ಬಾಗಿಲಲ್ಲಿ ಇಲ್ಯಾಸ್ ಸಾಹೇಬರು.

ಜಿತೇಂದ್ರ ಅವಳ ಬಳಿಗೆ ಬಂದ. "ಆ ಕಾಗ್ದ ಕೊಡಿ."

"ಪ್ರತಿ ಆಗ್ಳೇ ಹೋಯ್ತ್."

"ಅಸಲ್ ನಿಮ್ಮತ್ರ ಇತ್ತಲೆ?"

ಅವಳು ಕೊಟ್ಟಳು. ಜೆಟ್ಟಿಯ ಕಟ್ಟೆಯ ಮೇಲೆ ಹಾಳೆ ಇಟ್ಟು, ಗಾಳಿಗೆ ಹಾರದಂತೆ ಮೊಣಕೈ ಊರಿ, ತನ್ನ ಸಹಿಯ ಕೆಳಗೆ ಜಿತೇಂದ್ರ ನಿಧಾನವಾಗಿ ಬರೆದ: ಇಳಿತದ ವೇಳೆ ನನಗೆ ಗೊತ್ತಿತ್ತು. ಸಭೆಯಲ್ಲಿ ಹೇಳಲಿಲ್ಲ.

ನಂತರ ಪೆನ್ನನ್ನೂ ಕಾಗದವನ್ನೂ ಹಿಡಿದುಕೊಂಡು ಐಸ್ ಪ್ಲಾಂಟಿನ ಕಡೆಗೆ ನಡೆದ.