ಏಳನೆಯ ವರ್ಷದ ಮೂಳೆ

"ನಾನು ಸತ್ತರೆ ನನ್ನ ಮೂಳೆ ನೀನೇ ತೊಳೀಬೇಕು, ಡೊಯ್ನಾ," ಅಂತ ಆವ್ರಾಮ್ ಕೇಳಿದ್ದ. ತೊಳೀತೀನಿ ಅಂತ ನಾನು ಮಾತು ಕೊಟ್ಟಿದ್ದೆ. ಆಗ ಮದುವೆಯಾದ ಹೊಸತು. ಮಾವ ತೀರಿಕೊಂಡು ಏಳು ವರ್ಷವಾಗಿತ್ತು. ಗೋರಿ ಅಗೆದು, ಮೂಳೆ ಎತ್ತಿ, ಕೆಂಪು ವೈನಿನಲ್ಲಿ ತೊಳೆದು, ಬಿಳಿ ಬಟ್ಟೆಯಲ್ಲಿ ಕಟ್ಟಿ ಮತ್ತೆ ಮಣ್ಣು ಮಾಡಿ ಬಂದಿದ್ದೆವು. ಅಷ್ಟಾಗದೆ ಸತ್ತವರಿಗೆ ಬಿಡುಗಡೆಯಿಲ್ಲ ಅನ್ನುತ್ತಾರೆ ನಮ್ಮಲ್ಲಿ.

"ವೈನ್ ಮಾತ್ರ ಸರ್ಕಾರಿ ಅಂಗಡೀದು ಬೇಡ. ಆ ಹುಳಿಗೆ ಎದ್ದು ಕೂತ್ಬಿಡ್ತೀನಿ," ಅಂದಿದ್ದ.

ಆಮೇಲೆ ಆ ಡಿಸೆಂಬರ್ ಬಂತು. ನಮ್ಮೂರು ತಿಮಿಶೋರಾದ ಜನ ಸರ್ವಾಧಿಕಾರಿಯ ವಿರುದ್ಧ ಬೀದಿಗಿಳಿದರು, ಸೈನ್ಯ ಗುಂಡು ಹಾರಿಸಿತು. ಟ್ರಾಮ್ ಡಿಪೋದಿಂದ ಮನೆಗೆ ಬರುತ್ತಿದ್ದ ಆವ್ರಾಮ್ ಸೇತುವೆಯ ಹತ್ತಿರ ಬಿದ್ದ. ಹೆಣ ಆಸ್ಪತ್ರೆಯಲ್ಲಿದೆ ಅಂತ ಓಡಿದರೆ ಶವಾಗಾರ ಖಾಲಿ. ತೊಳೆದ ನೆಲ ಇನ್ನೂ ಆರಿರಲಿಲ್ಲ.

ಕ್ರಿಸ್‌ಮಸ್ ಹೊತ್ತಿಗೆ ಸರ್ವಾಧಿಕಾರಿ ಇಲ್ಲವಾಗಿದ್ದ. ಬಾವುಟದ ನಡುವಿನ ಅವನ ಸರ್ಕಾರದ ಲಾಂಛನ ಕತ್ತರಿಸಿ, ಆ ತೂತು ಬಾವುಟ ಹಿಡಿದು ಊರು ಕುಣಿಯುತ್ತಿತ್ತು. ನಾವು ಬಡವರ ಸ್ಮಶಾನದಲ್ಲಿ ಹೆಪ್ಪುಗಟ್ಟಿದ ನೆಲ ಅಗೆಯುತ್ತಿದ್ದೆವು. ಗುಂಡೇಟಿಗೆ ಸತ್ತವರನ್ನು ಕದ್ದು ಅಲ್ಲೇ ಹೂತಿದ್ದಾರೆ ಅಂತ ಸುದ್ದಿ. ಸಿಕ್ಕ ಹೆಣಗಳಿಗೆ ಗಂಟಲಿಂದ ಹೊಟ್ಟೆಯವರೆಗೆ ಒರಟು ಹೊಲಿಗೆ. ಚಿತ್ರಹಿಂಸೆ ಕೊಟ್ಟಿದ್ದಾರೆ ಅಂತ ಜನ ಎದೆ ಬಡಿದುಕೊಂಡರು. ಅದು ಆಸ್ಪತ್ರೆಯವರು ಕೊಯ್ದು ನೋಡಿ ಹಾಕಿದ ಹೊಲಿಗೆ, ಅವರೆಲ್ಲ ಗಲಾಟೆಗೆ ಮೊದಲೇ ದಿಕ್ಕಿಲ್ಲದೆ ಸತ್ತವರು ಅಂತ ಆಗ ಯಾರಿಗೂ ಹೊಳೆಯಲಿಲ್ಲ. ಮುಖದ ಗುರುತು ಹತ್ತದ ಒಂದು ಹೆಣದ ಮೇಲೆ ಅತ್ತೆ ಸಾವೆತಾ ಬಿದ್ದು ತಬ್ಬಿಕೊಂಡರು. "ಇವನೇ ನನ್ನ ಮಗ." ಆವ್ರಾಮನ ಹೆಸರಿನಲ್ಲಿ ಅವನನ್ನೇ ಮಣ್ಣು ಮಾಡಿದೆವು.

ನಿಜ ತಿಳಿದದ್ದು ಆ ಅಧಿಕಾರಿಗಳ ಮೇಲೆ ಕೋರ್ಟಿನಲ್ಲಿ ವಿಚಾರಣೆ ನಡೆದಾಗ, ರೇಡಿಯೋದಲ್ಲಿ. ಆಸ್ಪತ್ರೆಯ ಹೆಣಗಳನ್ನು ಲಾರಿಯಲ್ಲಿ ರಾಜಧಾನಿ ಬುಕಾರೆಸ್ಟಿಗೆ ಸಾಗಿಸಿ, ಸುಟ್ಟು, ಬೂದಿಯನ್ನು ಮೋರಿಗೆ ಸುರಿದಿದ್ದರು. ಓದಿದ ಹೆಸರುಗಳಲ್ಲಿ ಆವ್ರಾಮನದೂ ಇತ್ತು.

"ಅತ್ತೆ, ನಾವು ಹೂತಿರೋದು ಆವ್ರಾಮ್ ಅಲ್ಲ," ಅಂದೆ.

"ಕೋರ್ಟಿನವರು ಹೆತ್ತಿದ್ರಾ ಅವನನ್ನ? ಸುಮ್ನೆ ಆಲೂಗಡ್ಡೆ ಸುಲಿ."

ಸುಲಿಯುತ್ತಲೇ ವರ್ಷಗಳು ಹೋದವು. ಲಾರಿ ಕಳಿಸಿದ ಅಧಿಕಾರಿಗಳಲ್ಲಿ ಒಬ್ಬ ಜೈಲಿನಿಂದ ಬಂದು ಪೆಟ್ರೋಲ್ ಬಂಕ್ ಇಟ್ಟ. ನಾನು ಹಗಲು ಹೊಲಿಗೆ ಕಾರ್ಖಾನೆ, ಸಂಜೆ ಬ್ಯಾಂಕಿನ ನೆಲ ಒರೆಸುವುದು, ಆಮೇಲೆ ಮಗಳು ಪಾವುನಾಳ ಲೆಕ್ಕದ ಪಾಠ. ಬ್ರೆಡ್ಡಿನ ಅಂಗಡಿಯಲ್ಲಿ ಪಕ್ಕದ ಮನೆಯ ಲುಕ್ರೇಟ್ಸಿಯಾ ಬಿಡುತ್ತಿರಲಿಲ್ಲ. "ನಿಂಗೇನಮ್ಮ, ಹುತಾತ್ಮನ ಹೆಂಡ್ತಿ, ಟ್ರಾಮ್ ಪುಕ್ಕಟೆ. ನಮ್ಮನೆಯೋನು ಆವತ್ತೂ ಕುಡ್ಕೊಂಡು ಮಂಚದ ಮೇಲೇ ಇದ್ದ. ಗುಂಡಿಗೂ ಅವನು ಬೇಡವಾದ."

ಏಳನೆಯ ವರ್ಷ ಬಂತು. ಅತ್ತೆ ತಮ್ಮ ತವರಿನ ತೋಟದ ವೈನ್ ತರಿಸಿದರು. ನಾನು ಬಿಳಿ ಬಟ್ಟೆ ಕೊಂಡು ತಂದೆ. ಗೋರಿ ಅಗೆಯುವ ಗ್ಲಿಗೋರ್ ಒಂದೊಂದೇ ಮೂಳೆ ಎತ್ತಿಕೊಟ್ಟ. "ಮಾಂಸವೆಲ್ಲ ಸ್ವಚ್ಛವಾಗಿ ಬಿಡಿಸ್ಕೊಂಡಿದಾನೆ ಅಜ್ಜಿ. ಪಾಪ ಮಾಡಿದೋನಲ್ಲ."

"ನನ್ನ ಮಗ ಕಣೋ," ಅಂದರು ಅತ್ತೆ.

ಕಾಲಿನ ಮೂಳೆ ಅವರ ಕೈಗೆ ಬಂತು. ಆವ್ರಾಮ್ ಚಿಕ್ಕವನಿದ್ದಾಗ ವಾಲ್‌ನಟ್ ಮರದಿಂದ ಬಿದ್ದು ಎಡಗಾಲು ಮುರಿದುಕೊಂಡಿದ್ದ. ಕೂಡಿದ ಜಾಗದಲ್ಲಿ ಗಂಟು ಉಳಿದಿತ್ತು. ಚಳಿಗೆ ನೋಯುತ್ತದೆಂದು ನನ್ನ ಹತ್ತಿರ ತಿಕ್ಕಿಸಿಕೊಳ್ಳುತ್ತಿದ್ದ. ಈ ಮೂಳೆ ನುಣ್ಣಗಿತ್ತು. ಅತ್ತೆ ಮೇಲಿಂದ ಕೆಳಗೆ ಬೆರಳಾಡಿಸಿದರು. ಇನ್ನೊಂದನ್ನು ಕೇಳಿ ತೆಗೆದುಕೊಂಡು ಅದರ ಮೇಲೂ ಆಡಿಸಿದರು. ಪಾದ್ರಿ ಪ್ರಾರ್ಥನೆ ನಿಲ್ಲಿಸಿ ನೋಡಿದರು.

"ಎಷ್ಟು ಚೆನ್ನಾಗಿ ಕೂಡ್ಕೊಂಡಿದೆ ನೋಡು," ಅಂದರು ಅತ್ತೆ ಕೊನೆಗೆ. "ಗುರುತೇ ಇಲ್ಲ."

"ಹೂಂ ಅತ್ತೆ."

"ತೊಳಿ ಮತ್ತೆ. ಅವನು ಕೇಳಿದ್ದು ನಿನ್ನನ್ನ."

ಅವರು ನನ್ನ ಮುಖ ನೋಡಲಿಲ್ಲ. ನಾನು ತೊಳೆದೆ. ಯಾರೂ ಹುಡುಕಿಕೊಂಡು ಬಾರದ ಯಾರದೋ ಬುರುಡೆ, ಪಕ್ಕೆಲುಬು, ಬೆರಳು. ಪಾದ್ರಿ ಆವ್ರಾಮನ ಹೆಸರು ಹಿಡಿದು ಹಾಡಿದರು.

"ಅಪ್ಪಂಗೆ ಬಿಡುಗಡೆ ಆಯ್ತಾ ಅಮ್ಮ?" ಪಾವುನಾ ಕೇಳಿದಳು.

"ಆಯ್ತು. ಕೋಟು ಹಾಕ್ಕೋ, ಥಂಡಿ."

ಆವ್ರಾಮನ ಮೂಳೆಯನ್ನು ನಾನು ತೊಳೆಯಲಿಲ್ಲ.