ಉಳಿದ ನಾಲ್ಕು ಸ್ಲೈಡು

ಗುರುವಾರ ಸಂಜೆ ಕಾಲೇಜಿನಿಂದ ಬಂದ ನನ್ನ ಮಗಳು ರೇಣು ಚಪ್ಪಲಿ ಬಿಡುವ ಮೊದಲೇ ಅಳುತ್ತ ಅಂದಳು, "ಅವ್ವಾ, ಇವತ್ತೂ ಎಲ್ಲಾ ಕಿತ್ತು ಹೋದವು."

ಕಿತ್ತು ಹೋದದ್ದು ಕೋಳಿ ಯಕೃತ್ತಿನ ತೆಳು ಪದರಗಳು. ಬೇಸಿಗೆಯ ಝಳಕ್ಕೆ ಸಿಕ್ಕ ಕೋಳಿಗಳ ಜೀವಕೋಶಗಳು ತಮ್ಮನ್ನು ಕಾಪಾಡಿಕೊಳ್ಳಲು ಒಂದು ಪ್ರೋಟೀನನ್ನು ಹೆಚ್ಚು ಮಾಡುತ್ತವಂತೆ. ಅದಕ್ಕೇ ಹೋಗಿ ಅಂಟುವ ಆಂಟಿಬಾಡಿ ಹಾಕಿ, ಮೇಲೆ ಬಣ್ಣ ಕೊಟ್ಟರೆ, ಪ್ರೋಟೀನ್ ಇದ್ದಲ್ಲಿ ಕಂದು, ಉಳಿದಲ್ಲಿ ನೀಲಿ ಕಾಣಬೇಕು. ಕಂದು ಹಾಗಿರಲಿ, ಮೂರು ಸಲವೂ ಗಾಜಿನ ಸ್ಲೈಡಿನ ಮೇಲೆ ಪದರವೇ ಉಳಿದಿರಲಿಲ್ಲ. ಇನ್ನಿದ್ದದ್ದು ನಾಲ್ಕೇ ಸ್ಲೈಡು. ಶನಿವಾರವೂ ಕೆಟ್ಟರೆ ಸಂಶೋಧನೆಗೆ ಈ ವಿಷಯ ಬಿಟ್ಟು ಬೇರೆ ಹಿಡಿ ಎಂದು ಅವಳ ಸರ್ ಹೇಳಿದ್ದರು. ಒಂದೂವರೆ ವರ್ಷದ ದುಡಿಮೆ.

"ಕೋಳಿ ತಿನ್ನದ ಮನ್ಯಾಗ ಕೋಳಿ ಸಲುವಾಗಿ ಅಳೂದು ನೋಡ್ರಿ," ಎಂದರು ಮೆಂತೆ ಸೋಸುತ್ತಿದ್ದ ನಮ್ಮ ಅತ್ತೆ ಸಾವಂತ್ರವ್ವ.

"ಆಯೀ, ನೀ ಸುಮ್ನಿರು," ರೇಣು ಅಜ್ಜಿಯನ್ನು ಗದರಿದಳು.

ನಾನು ಚಹಾ ಕೊಟ್ಟು ಕೇಳಿದೆ, "ಮೊದಲಿಂದ ಹೇಳು. ಏನೇನು ಮಾಡ್ತಿ?"

"ಆಂಟಿಬಾಡಿ ಹಾಕೂಕಿಂತ ಮೊದಲ ಸ್ಲೈಡ್ ಕುದಸಬೇಕು. ಇಲ್ಲಾಂದ್ರ ಪ್ರೋಟೀನ್ ಮುಚ್ಕೊಂಡಿರ್ತದ. ಅದಕ್ಕ ಲ್ಯಾಬಿನಾಗ ಕುಕ್ಕರ್ ಅದ."

"ನಮ್ಮಂಥಾದ್ದ?"

"ನಮ್ಮಂಥಾದ್ದ. ಮೂರು ನಿಮಿಷ. ಆಮ್ಯಾಲೆ ಸೀಟಿ ಎತ್ತಿ, ಉಗಿ ಬಿಟ್ಟು, ನಳದ ಕೆಳಗ ಹಿಡೀತೀನಿ."

"ಸೀಟಿ ಎತ್ತಂತ ಯಾರು ಹೇಳಿದ್ರು?"

ರೇಣು ನನ್ನ ಮುಖ ನೋಡಿದಳು. "ದಿನಾ ನೀನ ಎತ್ತತಿಯಲ್ಲ?"

ನನಗೆ ಪಿಚ್ಚೆನಿಸಿತು. ನಮ್ಮ ಬಡಾವಣೆ ಧನಕವಡಿಯಿಂದ ಹೊರಡುವ ಏಳೂವರೆಯ ಬಸ್ಸಿಗೆ ಅವಳ ಡಬ್ಬಿ ಕಟ್ಟುವ ಅವಸರದಲ್ಲಿ, ಹದಿನೈದು ವರ್ಷದಿಂದ ಚಮಚದ ತುದಿಯಲ್ಲಿ ಸೀಟಿ ಎತ್ತುತ್ತ ಬಂದವಳು ನಾನೇ.

"ಅದು ಬ್ಯಾಳಿಗೆ, ಮಗಳ. ಬ್ಯಾಳಿ ಒಡದರ ಯಾರಿಗೇನು? ಮಡಕಿಕಾಳು ಇಟ್ಟ ದಿನ ಹಂಗ ಮಾಡ್ತೀನೇನು? ಒಳಗ ಒಮ್ಮೆಲೆ ಉಕ್ಕಿ ಕಾಳೆಲ್ಲಾ ಸಿಪ್ಪಿ ಬಿಡ್ತಾವ. ಅವತ್ತು ತಾನ ಆರಲಿ ಅಂತ ಬಿಡ್ತೀನಿ."

ಅವಳ ಕೈಯಲ್ಲಿ ಚಹಾ ಹಾಗೇ ನಿಂತಿತು. "ಉಕ್ಕೂ ನೀರ ಪದರ ಕೀಳಾಕತ್ತದೇನು?... ಆದ್ರ ಅಷ್ಟೊತ್ತು ಬಿಟ್ರ ಭಾಳ ಬೇಯ್ತಾವಲ್ಲ?"

"ಮೂರರ ಬದ್ಲಿ ಎರಡ ನಿಮಿಷಕ್ಕ ಗ್ಯಾಸ್ ಬಂದ್ ಮಾಡು."

ಶನಿವಾರ ನಾಲ್ಕರ ಸುಮಾರಿಗೆ ನನ್ನ ಕೈ ಹಿಟ್ಟಿನಲ್ಲಿದ್ದಾಗ ಫೋನಿಗೆ ಎರಡು ಚಿತ್ರ ಬಂದವು. ಒಂದು ಬರೀ ನೀಲಿ. ಇನ್ನೊಂದರಲ್ಲಿ ನೀಲಿ ಚುಕ್ಕೆಗಳ ಸುತ್ತ ದಟ್ಟ ಕಂದು. ಹಿಂದೆಯೇ ರೇಣುವಿನ ಕರೆ.

"ಅವ್ವಾ, ಒಂದರದ್ದು ಅಂಚು ಎದ್ದದ. ಮೂರು ಛಲೋ ಉಳದಾವ! ಬರೇ ನೀಲಿ ಚಿತ್ರ ಅದ ಅಲ್ಲ, ಆ ಸ್ಲೈಡಿಗೆ ಬೇಕಂತ ಆಂಟಿಬಾಡಿ ಹಾಕಿಲ್ಲ. ಅದು ನೀಲಿನ ಇರಬೇಕು. ಅಂದ್ರ ಈ ಕಂದು ಖರೇ ಕಂದು. ಸರ್ ಇದನ್ನ ಮುಂದ ನಡಸು ಅಂದ್ರು."

ಅತ್ತೆ ಫೋನನ್ನು ಕಣ್ಣಿನ ಹತ್ತಿರ ಹಿಡಿದರು. "ಇಷ್ಟಕ್ಕ ಅತ್ತಳೇನು? ನಮ್ಮ ಕುಕ್ಕರಿನ ತಳಾನೂ ಹಿಂಗ ಅದ."

ಸೋಮವಾರ ಬೆಳಿಗ್ಗೆ ಸೀಟಿ ಕೂಗಿದಾಗ ನನ್ನ ಕೈ ರೂಢಿಯಂತೆ ಚಮಚಕ್ಕೆ ಹೋಯಿತು. ಬ್ಯಾಗು ಹೆಗಲಿಗೇರಿಸಿ ನಿಂತಿದ್ದ ರೇಣು ಅದನ್ನು ಇಳಿಸಿಟ್ಟು ಕುಳಿತಳು.

"ಇರ್ಲಿ ಬಿಡವ್ವಾ. ಮುಂದಿನ ಬಸ್ಸಿಗೆ ಹೋಗ್ತೀನಿ."