ಕೂಸಿಗೆ ಕ್ಷಮಾಪಣೆ

ಹಿಂದೂಪುರದ ಆ ನರ್ಸಿಂಗ್ ಹೋಮಿನಲ್ಲಿ ಆದೆಮ್ಮ ಸಿಸ್ಟರ್ ಬಹುವಚನ ಕೊಡುತ್ತಿದ್ದುದು ಹಸುಗೂಸುಗಳಿಗೆ ಮಾತ್ರ. ಡಾಕ್ಟರುಗಳೆಲ್ಲ ಆಕೆಗೆ ಏಕವಚನ. ಎರಡು ಕೆ.ಜಿ.ಯೂ ತೂಗದ ಜೀವದ ಹಿಮ್ಮಡಿಗೆ ಸೂಜಿ ಚುಚ್ಚುವ ಮೊದಲು, "ಸ್ವಾಮಿ, ಒಸಿ ನೋಯ್ತದೆ, ಮನಸಿಗೆ ಹಚ್ಕಬ್ಯಾಡಿ" ಎಂದು ವಿನಂತಿಸಿ, ಸಕ್ಕರೆನೀರಿನ ತೊಟ್ಟೊಂದನ್ನು ನಾಲಗೆಗೆ ಸೋಕಿಸುತ್ತಿದ್ದರು. ತಣ್ಣನೆಯ ಬೆರಳು ಕೂಸಿಗೆ ತಾಗಬಾರದೆಂದು ಬೇಸಿಗೆಯ ಉರಿಯಲ್ಲೂ ಕಂದು ಸ್ವೆಟರು ತೊಟ್ಟು, ಜೇಬಿನಲ್ಲಿ ಕೈ ಬೆಚ್ಚಗಿಟ್ಟುಕೊಂಡು, ಎಡಗಾಲನ್ನು ತುಸು ಎಳೆಯುತ್ತ ವಾರ್ಡಿನಲ್ಲಿ ಓಡಾಡುವ ಆಕೆಯನ್ನು ಕಂಡು ಡಾಕ್ಟರ್ ಲಕ್ಷ್ಮಣಪ್ಪ ಒಳಗೊಳಗೇ ನಗುತ್ತಿದ್ದರು. ಕಲ್ಯಾಣದುರ್ಗದ ಈ ತರುಣ ಎಂಬತ್ತಾರನೇ ಇಸವಿಯಲ್ಲಿ ಮೆಡಿಕಲ್ ಕಾಲೇಜು ಮುಗಿಸಿ ನೇರವಾಗಿ ಅಲ್ಲಿಗೆ ಬಂದವರು. ಓದಿದ ಪುಸ್ತಕಗಳ ಶಾಯಿ ಇನ್ನೂ ಆರಿರಲಿಲ್ಲ.

ಪರಿಗಿಯಿಂದ ಬಂದ ಮೂರು ದಿನದ ಗಂಡುಕೂಸೊಂದು ಬಟ್ಟೆ ಬದಲಿಸಿದಾಗಲೆಲ್ಲ ಕಿರುಚಿ ನೀಲಿಗಟ್ಟುತ್ತಿತ್ತು. ಲಕ್ಷ್ಮಣಪ್ಪ ನಿದ್ರೆಯ ಔಷಧಿ ಬರೆದರು. ಆದೆಮ್ಮ ಚೀಟಿಯನ್ನು ಓದಿ, ಮಡಿಸಿ, ಅವರ ಕೈಗೇ ಕೊಟ್ಟರು.

"ಇದು ಹಾಕಿದ್ರೆ ಕೂಸು ಮಲ್ಕಂತದೆ ಕಣಪ್ಪ. ನೋವು ಎದ್ದೇ ಇರ್ತದೆ."

"ಹುಟ್ಟಿದ ಕೂಸಿಗೆ ನೋವೇ ತಿಳಿಯಲ್ಲ ಸಿಸ್ಟರ್. ನರ ಇನ್ನೂ ಬಲ್ತಿರಲ್ಲ. ಪುಸ್ತಕದಲ್ಲಿದೆ."

"ಆ ಪುಸ್ತಕ ಬರೆದೋನು ಹುಟ್ಟಿದ್ದು ಅವನಿಗೇನು ಜ್ಞಾಪಕ ಐತಾ? ಎಡಗೈ ಎತ್ತಿದಾಗಷ್ಟೇ ಅಳ್ತಾರೆ ಇವರು. ಬಂದು ಮುಟ್ಟಿ ನೋಡು."

ಲಕ್ಷ್ಮಣಪ್ಪ ಒಲ್ಲದ ಮನಸ್ಸಿನಿಂದ ಮುಟ್ಟಿದರು. ಎಡ ಭುಜದ ಮುಂದಿನ ಕೊರಳೆಲುಬು ಬೆರಳಡಿಯಲ್ಲಿ ಕರಕ್ಕೆಂದಿತು. ಹೆರಿಗೆಯ ಎಳೆತದಲ್ಲೇ ಮುರಿದಿತ್ತು. ಆ ಔಷಧಿ ಹಾಕಿದ್ದರೆ ಕೂಸು ಸುಮ್ಮನಾಗುತ್ತಿತ್ತು, ಗೆದ್ದೆನೆಂದು ತಾವೂ ಸುಮ್ಮನಿರುತ್ತಿದ್ದರು. ಅಂಗಿಯ ತೋಳನ್ನು ಅಂಗಿಯ ಎದೆಗೇ ಪಿನ್ನು ಹಾಕಿ ಕೈ ಅಲುಗದಂತೆ ನಿಲ್ಲಿಸಿ, ತೂಕಕ್ಕೆ ತಕ್ಕಷ್ಟು ನೋವಿನ ಮದ್ದಿನ ಹನಿ ಕೊಟ್ಟ ಮೇಲೆ ಕೂಸು ಮೊದಲ ಬಾರಿಗೆ ಹೊಟ್ಟೆತುಂಬ ಹಾಲು ಕುಡಿಯಿತು.

"ಈಗ ಅವರಿಗೊಂದು ಮಾತು ಹೇಳು" ಎಂದರು ಆದೆಮ್ಮ.

ಲಕ್ಷ್ಮಣಪ್ಪ ಅತ್ತಿತ್ತ ನೋಡಿ, ಬಗ್ಗಿ, "ತಪ್ಪಾಯ್ತು ಸ್ವಾಮಿ" ಎಂದರು. ಬಾಗಿಲಲ್ಲಿ ನಿಂತಿದ್ದ ಕೂಸಿನ ಅಜ್ಜಿ ನರಸಕ್ಕ ಅದನ್ನು ಕೇಳಿಸಿಕೊಂಡುಬಿಟ್ಟಳು.

"ಓಹೋ. ಮುರ್ದಿದ್ದು ನೀನೇನಪ್ಪಾ?"

ಎಷ್ಟು ವಿವರಿಸಿದರೂ ಪ್ರಯೋಜನವಾಗಲಿಲ್ಲ. ಸುದ್ದಿ ಬಸ್ಸು ಹತ್ತಿ, ಕೈಯಿಂದ ಕಾಲಿಗೆ, ಒಂದರಿಂದ ಮೂರು ಮೂಳೆಗೆ ಬೆಳೆಯುತ್ತ ಕಲ್ಯಾಣದುರ್ಗ ತಲುಪಿತು. ಐದನೆಯ ದಿನ ಲಕ್ಷ್ಮಣಪ್ಪನವರ ತಂದೆ ಬೈಲಪ್ಪ ಹೆಗಲ ಟವೆಲಿನಲ್ಲಿ ಮುಖ ಒರೆಸಿಕೊಳ್ಳುತ್ತ ವಾರ್ಡಿನ ಮುಂದೆ ನಿಂತಿದ್ದರು.

"ಅಮ್ಮಾ, ನಮ್ಮುಡುಗ ಮೂಳೆ ಮುರಿತಾನಂತೆ?"

"ಮುರಿಲಿಲ್ಲ ಕಣಪ್ಪ, ಕಂಡ್ಹಿಡ್ದ" ಎಂದರು ಆದೆಮ್ಮ. "ಹೇಳಿದ್ ಮಾತು ಕೇಳ್ತಾನೆ. ಡಾಕ್ಟ್ರಾಗಿ ಇನ್ನೂ ಎರಡು ತಿಂಗಳಲ್ವಾ."

ಬೈಲಪ್ಪನವರು ಇದನ್ನು ಹೊಗಳಿಕೆಯೆಂದೇ ಭಾವಿಸಿ ನೆಮ್ಮದಿಯಿಂದ ಊರಿಗೆ ಮರಳಿದರು. ಮಗನಿಗೆ ಮಾತ್ರ ಆ ನೆಮ್ಮದಿ ದಕ್ಕಲಿಲ್ಲ. ಎಳೆಗೂಸಿಗೂ ನೋವುಂಟೆಂದು ಮುಂದೆ ದೊಡ್ಡ ಪುಸ್ತಕಗಳೇ ಒಪ್ಪಿಕೊಂಡವು. ಲಕ್ಷ್ಮಣಪ್ಪ ಅದನ್ನು ಓದಿ ಹೇಳಿದಾಗ ಆದೆಮ್ಮ "ಪಾಪ, ಈಗ ತಿಳೀತಾ" ಎಂದಷ್ಟೇ ಮರುಗಿದರು. ಇಂಥವರು ಶಾಸ್ತ್ರದ ವೈರಿಗಳಲ್ಲ. ಅಳುವ ಜೀವವನ್ನು ಮುಂದಿಟ್ಟುಕೊಂಡು ಶಾಸ್ತ್ರ ಬಂದು ಸೇರಲೆಂದು ಕಾಯುವ ಪುರುಸೊತ್ತು ಅವರಿಗೆ ಇರುವುದಿಲ್ಲ, ಅಷ್ಟೇ.